ಬೆಲೆ ತೆತ್ತ ಅತಿಥಿ

ಹಣ ಕೊಟ್ಟು ಕೊಂಡ ವಸ್ತುವು ಕೆಟ್ಟದ್ದಾಗಿ ಪರಿಣಮಿಸಿದರೆ ಮನುಷ್ಯನಿಗೆ ಉಂಟಾಗುವ ಅಸಮಾಧಾನವು ಒಂದು ಬಗೆಯದು. ಬಹುಕಾಲದಿಂದ ಹೊಗಳಿಕೆಯನ್ನು ಕೇಳುತ್ತ ಬಂದ ಸ್ಥಳವು ಕಣ್ಣಿಗೆ ಬಿದ್ದಾಗ ನಮ್ಮ ಕಲ್ಪನೆಗಿಂತ ಕುಳ್ಳಾಗಿ ಕಾಣುವುದರಿಂದ ಉಂಟಾಗುವ ಅಸಮಾಧಾನವು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಅಂಗಡಿಯವನು ಉತ್ತರ ಹೇಳತಕ್ಕದ್ದು. ಎರಡನೆಯದಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ. ಬೆಟ್ಟವು ಎತ್ತರವಾಗಿಲ್ಲವೆಂದು ಬೆಟ್ಟದ ಮೇಲೆ ಯಾರು ತಾನೆ ದಾವೆ ಹೂಡಿಯಾರು? ಈ ಎರಡು ಅಸಮಾಧಾನಗಳೂ ಬೆರೆತು, ಒಂದು ಯಾವುದು ಇನ್ನೊಂದು ಯಾವುದೆಂದು ಬಿಡಿಸಲಾಗದಂತೆ ತೊಡಕಿಕೊಳ್ಳುವ ಸ್ಥಳವೊಂದುಂಟು. ಹಿಂದೆ ಅರಮನೆಯೋ ಅಧಿಕಾರಿಗಳ ಬಂಗಲೆಯೋ ಆಗಿದ್ದು ಈಗ ಹೋಟೆಲಾಗಿರುವ ಹಳೆಯ ಮನೆಯೇ ಅದು. ಅಲ್ಲಿ ಒಂದೆರಡು ರಾತ್ರಿಗಳನ್ನು ಕಳೆದು ಮನಸ್ಸು ಕೆಡಿಸಿಕೊಂಡು ಬಂದವನು ಯಾರನ್ನು ದೂರಬೇಕು, ಎಷ್ಟು ದೂರಬೇಕು, ದೂರುವ ಅಧಿಕಾರವಾದರೂ ಅವನಿಗೆ ಉಂಟೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ.

ಉಜಿರೆಯಲ್ಲಿ ಮನೆ ಮಾಡಿಕೊಂಡಿರುವ ನಮಗಂತೂ ಇದು ದೂರದ ಪ್ರಶ್ನೆಯಲ್ಲ. ಚಾರ್ಮಾಡಿ ಘಟ್ಟವನ್ನು ಏರಿಹೋಗುವ ದಾರಿಯೂ ಧರ್ಮಸ್ಥಳಕ್ಕೆ ತಿರುಗುವ ದಾರಿಯೂ ನಮ್ಮ ಪೇಟೆಯಲ್ಲಿಯೇ ಅಗಲುತ್ತವೆ. ತಂಗಲು ಸ್ಥಳವೆಲ್ಲಿ ಎಂದು ಕೇಳುವ ಪರಸ್ಥಳದವರು ವರ್ಷದ ಎಲ್ಲ ಕಾಲದಲ್ಲಿಯೂ ಇಲ್ಲಿ ಕಾಣಸಿಗುತ್ತಾರೆ. ಈಚೆಗೆ ಹೊಸದೊಂದು ಜಾತಿಯ ಪ್ರಯಾಣಿಕರು ಸೇರಿಕೊಂಡಿದ್ದಾರೆ. ಅವರಿಗೆ ಬರಿಯ ಕೋಣೆ ಸಾಲದು. ಹಳೆಯ ಮನೆ ಬೇಕು, ಮರದ ಕಂಬ ಬೇಕು, ಅಂಗಳದ ನಡುವೆ ತುಳಸಿಕಟ್ಟೆ ಬೇಕು. ತುಳುನಾಡಿನ ಕೆಲವು ಗುತ್ತಿನ ಮನೆಗಳೂ ಮನೆತನದ ದೊಡ್ಡ ಮನೆಗಳೂ ಇಂಥವರಿಗೆ ಬಾಡಿಗೆಗೆ ಬಾಗಿಲನ್ನು ತೆರೆದಿವೆ. ಮಕ್ಕಳೆಲ್ಲ ಬೆಂಗಳೂರಿಗೂ ಅಮೆರಿಕಕ್ಕೂ ಹೋಗಿ, ಹಂಚು ಕೈಯಾಡಿಸುವುದಕ್ಕೂ ಜನವಿಲ್ಲದೆ ನಿಂತ ಮನೆಗಳಿಗೆ ಅದೊಂದು ಬದುಕುವ ದಾರಿಯಾದರೆ ತಪ್ಪೆಂದು ಹೇಳುವಂತಿಲ್ಲ. ಆದಕಾರಣ ಈ ವಿಚಾರವು ಅತಿಥಿಗಳಾಗಿ ಹೋಗುವವರಿಗೆ ಎಷ್ಟು ಸಂಬಂಧಿಸಿದೆಯೋ, ನಾಳೆ ಆತಿಥ್ಯವನ್ನು ಮಾರಬೇಕಾಗಿ ಬರುವ ಮನೆಗಳಿಗೂ ಅಷ್ಟೇ ಸಂಬಂಧಿಸಿದೆ.

ಅತಿಥಿ ಎಂಬ ಶಬ್ದಕ್ಕೆ ತಿಥಿಯಿಲ್ಲದವನು, ಎಂದರೆ ಇಂಥ ದಿನವೆಂದು ಗೊತ್ತುಮಾಡದೆ ಬರುವವನು, ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಈಗಿನ ಅತಿಥಿಯು ತಿಥಿಯನ್ನು ಗೊತ್ತುಮಾಡಿ, ಎರಡು ತಿಂಗಳ ಮುಂಚೆಯೇ ಹಣವನ್ನು ಕಟ್ಟಿ, ಬರುವ ಗಳಿಗೆಯನ್ನೂ ಹೊರಡುವ ಗಳಿಗೆಯನ್ನೂ ಬರೆದುಕೊಟ್ಟು ಬರುತ್ತಾನೆ. ತೈತ್ತಿರೀಯ ಉಪನಿಷತ್ತಿನಲ್ಲಿ ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ಉಪದೇಶವಿರುವುದನ್ನು ಎಲ್ಲರೂ ಬಲ್ಲರು. ಭಾರತ ಸರ್ಕಾರದ ಪ್ರವಾಸೋದ್ಯಮ ಇಲಾಖೆಯವರು ಈ ಶತಮಾನದ ಆರಂಭದಲ್ಲಿ ಆ ಮಾತನ್ನೇ ಎತ್ತಿಕೊಂಡು ಜಾಹೀರಾತಿನಲ್ಲಿ ಬಳಸಿದರು. ಉಪನಿಷತ್ತಿನ ಅತಿಥಿಯು ರಸೀದಿಯನ್ನು ಹಿಡಿದುಕೊಂಡು ಬಂದವನಲ್ಲವೆಂಬುದನ್ನು ಜಾಹೀರಾತು ಹೇಳಲಿಲ್ಲ. ಜಾಹೀರಾತಿನ ಸ್ವಭಾವವೇ ಹಾಗೆ.

ಆದರೂ ನಿರಾಶೆಗೊಂಡ ಅತಿಥಿಯ ಕಥೆಯು ಉಪನಿಷತ್ತಿಗೆ ಹೊರತಾದುದಲ್ಲ. ಕಠೋಪನಿಷತ್ತಿನಲ್ಲಿ ಬಾಲಕನಾದ ನಚಿಕೇತನು ಯಮನ ಮನೆಗೆ ಹೋಗಿ, ಮನೆಯೊಡೆಯನು ಇಲ್ಲದ್ದರಿಂದ ಮೂರು ರಾತ್ರಿಗಳನ್ನು ಅನ್ನವಿಲ್ಲದೆ ಕಳೆಯುತ್ತಾನೆ. ಮೃತ್ಯುವಿನ ಮನೆಗಿಂತ ಪುರಾತನವಾದ ಮನೆ ಬೇರೆ ಯಾವುದಿದ್ದೀತು? ಅಲ್ಲಿಗೆ ಹೋಗಿ ಅಷ್ಟು ಕೆಟ್ಟದಾಗಿ ಉಪಚರಿಸಲ್ಪಟ್ಟವನು ಒಂದು ಮಾತನ್ನೂ ದೂರಿ ಆಡುವುದಿಲ್ಲ. ಯಮನೇ ಹಿಂದಿರುಗಿ ಬಂದು, ಅತಿಥಿಯು ಉಪವಾಸವಿದ್ದನೆಂದು ತಿಳಿದು, ರಾತ್ರಿಗೊಂದರಂತೆ ಮೂರು ವರಗಳನ್ನು ಕೊಡುತ್ತಾನೆ. ಈ ಕಥೆಯನ್ನು ಬ್ರಹ್ಮವಿದ್ಯೆಯ ಪೀಠಿಕೆಯೆಂದು ಓದಿ ಮುಂದಕ್ಕೆ ಸಾಗುವುದು ವಾಡಿಕೆ. ಗೃಹಸ್ಥನ ಕಣ್ಣಿನಿಂದ ಓದಿದರೆ ಇದರಲ್ಲಿ ಇನ್ನೊಂದು ಸಂಗತಿಯಿದೆ: ಸಾಲವನ್ನು ಲೆಕ್ಕ ಹಾಕಿದವನು ಸಾಲಗಾರನೇ ಹೊರತು ಸಾಲ ಕೊಟ್ಟವನಲ್ಲ. ತಾನು ಊರಿನಲ್ಲಿರಲಿಲ್ಲವೆಂದಾಗಲಿ, ಮನೆಯು ಬಹಳ ಹಳೆಯದೆಂದಾಗಲಿ, ಆಳುಗಳು ಸರಿಯಿಲ್ಲವೆಂದಾಗಲಿ ಯಮನು ನೆವ ಹೇಳಲಿಲ್ಲ.

ಹಾಗೆಂದು ಬೆಲೆಗೆ ಆತಿಥ್ಯವನ್ನು ಮಾರುವುದೇ ಒಂದು ಪತನವೆಂದು ಹೇಳುವವರ ಪಕ್ಷವನ್ನು ನಾನು ಹಿಡಿಯಲಾರೆ. ಧರ್ಮಕ್ಕಾಗಿ ನಡೆಯುವ ವಸತಿಯ ಸಂಪ್ರದಾಯವು ನಮ್ಮಲ್ಲಿ ಬಹು ಹಳೆಯದು, ನಿಜ. ಅಶೋಕನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುಮನೆಗಳನ್ನು ಕಟ್ಟಿಸಿದುದಾಗಿ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇದೇನೂ ದೊಡ್ಡದಲ್ಲ, ಹಿಂದಿನ ಅರಸರೂ ಜನಕ್ಕೆ ಇಂಥ ಸುಖಗಳನ್ನು ಒದಗಿಸಿದ್ದರು, ಜನರು ಧರ್ಮವನ್ನು ಆಚರಿಸಲೆಂದು ತಾನು ಇದನ್ನು ಮಾಡಿದೆನು ಎಂಬ ಭಾವದ ಮಾತನ್ನೂ ಅಲ್ಲಿಯೇ ಸೇರಿಸಿದ್ದಾನೆ. ಆ ಅರವಟ್ಟಿಗೆ, ಛತ್ರ, ಅನ್ನಸಂತರ್ಪಣೆಗಳ ಪರಂಪರೆಯು ಇಂದಿಗೂ ನಿಂತಿಲ್ಲವೆಂಬುದಕ್ಕೆ ನಾವು ಧರ್ಮಸ್ಥಳಕ್ಕಿಂತ ದೂರ ಹೋಗಬೇಕಾಗಿಲ್ಲ. ಪ್ರತಿದಿನವೂ ಸಾವಿರಾರು ಜನರು ಅಲ್ಲಿ ಬೆಲೆಯಿಲ್ಲದ ಊಟವನ್ನು ಉಂಡು ಏಳುತ್ತಾರೆ. ಸಾರಿಗೆ ಉಪ್ಪು ಕಡಮೆಯಾಯಿತೆಂದು ಅಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದಾನವು ನಿರಾಶೆಯ ಬಾಯಿಯನ್ನು ಕಟ್ಟುತ್ತದೆ. ಹೀಗೆ ಬಾಯಿ ಕಟ್ಟುವುದು ದಾನದ ಗುಣವೂ ಅಹುದು, ಕೆಲವೆಡೆ ಅದರ ದೋಷವೂ ಅಹುದು. ಛತ್ರದ ಚಾಪೆಯಲ್ಲಿ ತಿಗಣೆಯಿದ್ದರೆ ಬಡ ಯಾತ್ರಿಕನು ಹೇಳುವುದಾದರೂ ಯಾರಲ್ಲಿ?

ಬೆಲೆಯು ಆ ಬಾಯಿಯನ್ನು ಬಿಚ್ಚಿತು. ಇದರಲ್ಲಿ ನಮ್ಮ ಜಿಲ್ಲೆಯವರ ಪಾಲು ಅಲ್ಪವಾದುದಲ್ಲ. ಕಡಂದಲೆಯಲ್ಲಿ ಬಡ ಮನೆತನದಲ್ಲಿ ಹುಟ್ಟಿದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೋಟೆಲನ್ನು ತೆರೆದರು. ಆ ಕಟ್ಟಡವು ರಾಮನಾಡಿನ ಅರಸರ ಬಂಗಲೆಯಾಗಿತ್ತು. ವುಡ್‌ಲ್ಯಾಂಡ್ಸ್ ಎಂಬುದು ಆ ಬಂಗಲೆಯ ಹೆಸರೇ. ಅರಸನ ಮನೆಯಲ್ಲಿ ನಡೆಸಿದ ಹೋಟೆಲಿನ ಮಾದರಿಯು ಹೀಗೆ ನಮ್ಮವರ ಕೈಯಲ್ಲಿಯೇ ಇತ್ತು. ಆದರೆ ಅಲ್ಲಿಗೆ ಜನರು ಹೋದದ್ದು ರಾಮನಾಡಿನ ಅರಸರ ನೆನಪಿಗಾಗಿಯಲ್ಲ. ಇಡ್ಲಿ, ಕಾಫಿ, ಚೊಕ್ಕಟವಾದ ಕೋಣೆ ಇವುಗಳಿಗಾಗಿ. ಹೆಸರು ಬಂಗಲೆಯಿಂದ ಬಂದರೂ ಕೀರ್ತಿಯು ಅಡಿಗೆಮನೆಯಿಂದ ಬಂದಿತು. ಕೊಟ್ಟ ಕಾಸಿಗೆ ಸರಿಯಾದ ಪದಾರ್ಥ, ಕೇಳಿದವನು ಯಾರಾದರೂ ಆಗಲಿ ಅದೇ ಅಳತೆ, ಎಂಬ ಉಡುಪಿ ಹೋಟೆಲುಗಳ ನ್ಯಾಯವು ಛತ್ರದ ಧರ್ಮಕ್ಕಿಂತ ಕೀಳೆಂದು ನನಗೆ ತೋರುವುದಿಲ್ಲ.

ಅರಮನೆಗಳು ಹೋಟೆಲುಗಳಾದ ಬಗೆ ಬೇರೆ. ಸಂಸ್ಥಾನಗಳು ವಿಲೀನವಾದ ಮೇಲೆ ಅರಸುಮನೆತನಗಳಿಗೆ ಸಲ್ಲುತ್ತಿದ್ದ ರಾಜಧನವೂ 1971ರಲ್ಲಿ ರದ್ದಾಯಿತು. ಅದಕ್ಕೆ ಮೊದಲೇ ಆರಂಭವಾಗಿದ್ದ ಈ ಪರಿವರ್ತನೆಯು ಆಮೇಲೆ ವೇಗವಾಗಿ ನಡೆಯಿತು. ಮೈಸೂರಿನ ಲಲಿತಮಹಲನ್ನು ನೋಡಿರಿ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದಕ್ಕೆ ಅಸ್ತಿವಾರ ಹಾಕಿಸಿದ್ದು ಬ್ರಿಟಿಷ್ ವೈಸರಾಯರು ಬಂದಾಗ ಇಳಿದುಕೊಳ್ಳಲೆಂದು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿಯು ಲಂಡನ್ನಿನ ಸಂತ ಪೌಲರ ದೇವಾಲಯವನ್ನು ಹೋಲುವ ಗುಮ್ಮಟವನ್ನು ಅದಕ್ಕೆ ಇಟ್ಟನು. 1974ರಲ್ಲಿ ಅದು ಹೋಟೆಲಾಯಿತು. ಒಬ್ಬನೇ ಅತಿಥಿಗಾಗಿ, ಅವನು ಬಂದರೆ ಬರಲಿ ಎಂದು, ಕಟ್ಟಿದ ಮನೆಯಲ್ಲಿ ಇಂದು ಹಣವುಳ್ಳ ಯಾವನೂ ಮಲಗಬಹುದು. ಇದರಲ್ಲಿ ಒಂದು ನ್ಯಾಯವಿದೆಯೆಂದು ಒಪ್ಪುತ್ತೇನೆ; ವೈಸರಾಯನು ಮಲಗುತ್ತಿದ್ದಲ್ಲಿ ಶಾಲೆಯ ಉಪಾಧ್ಯಾಯನು ಮಲಗುವುದನ್ನು ನೋಡಿ ಸಂತೋಷಪಡದವನು ಯಾರು? ಸರ್ಕಾರದವರೂ ಇಂಥ ಮನೆಗಳಿಗೆ ಪರಂಪರೆಯ ಹೋಟೆಲು ಎಂಬ ಬೇರೆ ದರ್ಜೆಯನ್ನು ಏರ್ಪಡಿಸಿ, 1950ಕ್ಕಿಂತ ಮುಂಚೆ ಕಟ್ಟಿದ ಕೋಟೆ, ಅರಮನೆ, ಹವೇಲಿ, ಬೇಟೆಮನೆಗಳಿಗೆ ಅದನ್ನು ಗೊತ್ತುಮಾಡಿದ್ದಾರೆ. ಹೀಗೆ ವಯಸ್ಸೂ ಒಂದು ಸರಕಾಯಿತು.

ಆ ಸರಕನ್ನು ಎರಡು ರಾತ್ರಿಗಳ ಮಟ್ಟಿಗೆ ನಾನೂ ಕೊಂಡುಕೊಂಡೆನು. ನಾನು ಇಳಿದ ಮನೆಯು ಮೇಲೆ ಹೇಳಿದ ಯಾವುದೂ ಅಲ್ಲ. ಅದರ ಹೆಸರೂ ಊರೂ ಇಲ್ಲಿ ಬೇಡ. ಮಹಾದ್ವಾರದಲ್ಲಿ ಹಾರ ಹಾಕಿದರು, ಹಣೆಗೆ ಕುಂಕುಮವಿಟ್ಟರು. ಮೆಟ್ಟಲಿನ ಗೋಡೆಯುದ್ದಕ್ಕೂ ಸತ್ತ ಹುಲಿಗಳ ಮೇಲೆ ಕಾಲಿಟ್ಟು ನಿಂತ ದೊರೆಗಳ ಚಿತ್ರಗಳು. ಕೋಣೆಯ ಮಾಡು ಹದಿನೆಂಟು ಅಡಿ ಎತ್ತರ. ಮಂಚಕ್ಕೆ ಒಂದು ಮೆಟ್ಟಲು. ಇಷ್ಟೂ ಸರಿಯಾಗಿಯೇ ಇತ್ತು. ಆದರೆ ಹೊದಿಕೆಯಲ್ಲಿ ಹಿಂದಿನ ಯಾರದೋ ಎಣ್ಣೆಯ ಕಲೆ. ಬಚ್ಚಲುಮನೆಯಲ್ಲಿ ಬಿಸಿನೀರಿನ ತಿರುಪನ್ನು ತಿರುಗಿಸಿದರೆ ಇಪ್ಪತ್ತು ನಿಮಿಷ ತಣ್ಣೀರು, ಆಮೇಲೆ ಉಗುರುಬೆಚ್ಚಗೆ ಎರಡು ತಂಬಿಗೆ, ಮತ್ತೆ ತಣ್ಣೀರು. ಕಿಟಕಿಯ ಒಂದು ಬಾಗಿಲು ಮುಚ್ಚುತ್ತಿರಲಿಲ್ಲ, ಇನ್ನೊಂದು ತೆರೆಯುತ್ತಿರಲಿಲ್ಲ. ರಾತ್ರಿಯ ಊಟಕ್ಕೆ ಅರಮನೆಯ ಪಾಕವೆಂದು ಬರೆದಿದ್ದ ಪಲ್ಯವು ಯಾವ ಬಸ್ ನಿಲ್ದಾಣದಲ್ಲಿಯೂ ಸಿಕ್ಕತಕ್ಕದ್ದು. ವ್ಯವಸ್ಥಾಪಕರಲ್ಲಿ ಹೇಳಿದ್ದಕ್ಕೆ ಅವರು ನಸುನಕ್ಕು, “ಹಳೆಯ ಕಟ್ಟಡವಲ್ಲವೇ ಸಾರ್” ಎಂದರು. ಅನಂತರ ನಾನಿದ್ದ ಕೋಣೆಯಲ್ಲಿ ಹಿಂದೆ ಯಾವ ಗವರ್ನರರು ಇಳಿದಿದ್ದರೆಂಬುದನ್ನು ವಿಸ್ತಾರವಾಗಿ ವರ್ಣಿಸಿದರು.

ಈ ವಿಚಾರವೆಲ್ಲ ಬೇರು ಬಿಟ್ಟದ್ದು ಆ ಒಂದು ಮಾತಿನಲ್ಲಿ. ಹಳೆಯದಾಗಿರುವುದು ಒಂದು ಕ್ಷಮಾಪಣೆಯೇ? ಹಾಗಾದರೆ ಅದಕ್ಕಾಗಿ ಹೆಚ್ಚು ಬೆಲೆಯನ್ನು ಪಡೆದದ್ದೇಕೆ? ಒಂದೇ ಗುಣವು ಬೆಳಗ್ಗೆ ಬೆಲೆಯನ್ನು ಏರಿಸುವುದಕ್ಕೂ ರಾತ್ರಿ ದೂರನ್ನು ಇಳಿಸುವುದಕ್ಕೂ ಬಳಕೆಯಾಗುವುದು ನ್ಯಾಯವಲ್ಲ. ಆದರೂ ಆ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆನ್ನುವಂತಿಲ್ಲ. ಗಾರೆಯ ಗೋಡೆಗಳು ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಗೆಯಲ್ಲಿ ಬಿಡುತ್ತವೆ. ಅದು ಅವುಗಳ ಉಸಿರಾಟ. ಅಂಥ ಗೋಡೆಗೆ ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಗೋಡೆಯೇ ಕೆಡುತ್ತದೆ. ಮರದ ಬಾಗಿಲುಗಳು ಆಷಾಢದಲ್ಲಿ ಉಬ್ಬುವುದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಮೂರಡಿ ದಪ್ಪದ ಗೋಡೆಯನ್ನು ಕೊರೆದು ಕೊಳವೆಯನ್ನು ಹಾಯಿಸುವುದು ಸುಲಭದ ಕೆಲಸವಲ್ಲ. ಇಂಥವುಗಳನ್ನು ವಯಸ್ಸಿನ ದೋಷಗಳೆನ್ನೋಣ. ಇವುಗಳಿಗೆ ಕೋಪಿಸಿಕೊಳ್ಳುವವನು ಹಳೆಯ ಮನೆಗೆ ಹೋಗಬಾರದು. ಆದರೆ ಹೊದಿಕೆಯ ಎಣ್ಣೆಕಲೆಗೆ ಎಷ್ಟು ವಯಸ್ಸು? ಅದು ಮೊನ್ನೆಯದು. ಮೂರು ವರ್ಷದ ಹಿಂದೆ ಕಟ್ಟಿದ ವಸತಿಗೃಹದಲ್ಲಿ ಅದು ಇದ್ದರೆ ನಾಚಿಕೆಗೇಡೆಂದು ಎಣಿಸಲ್ಪಡುವುದಾದರೆ, ನೂರು ವರ್ಷದ ಮನೆಯಲ್ಲಿ ಅದಕ್ಕೆ ಪುರಾತನತೆಯ ಮರ್ಯಾದೆಯು ಬರುವುದು ಹೇಗೆ? ಅಲಕ್ಷ್ಯವು ವೃದ್ಧಾಪ್ಯದ ವೇಷವನ್ನು ಹಾಕಿಕೊಂಡು ಬಂದಾಗ ಎದ್ದು ನಮಸ್ಕರಿಸಬೇಕಾಗಿಲ್ಲ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಹಳೆಯ ಮೋಟಾರು ಕಾರುಗಳ ಸಾಲನ್ನು ನೋಡಿರಬಹುದು. ಅವುಗಳಲ್ಲಿ ಒಂದನ್ನು ತೋರಿಸಿ, ಇದರಲ್ಲಿ ನನ್ನನ್ನು ಮಂಗಳೂರಿಗೆ ಕರೆದೊಯ್ಯಿರೆಂದು ಯಾರೂ ಕೇಳುವುದಿಲ್ಲ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ಮಂದಿ ಸ್ತ್ರೀಯರ ಮೈಗಳನ್ನು ಹೆಣೆದು ಆನೆಯಾಗಿಸಿದ ನವನಾರಿಕುಂಜರದ ಮರಗೆತ್ತನೆಯನ್ನು ನೋಡಿ ಬೆರಗಾಗಿ ಹಿಂದಿರುಗುತ್ತೇವೆ; ಆ ಮನೆಯು ನಮಗೆ ಬೇರೇನನ್ನೂ ಕೊಡಬೇಕಾಗಿಲ್ಲ. ನೋಡತಕ್ಕ ವಸ್ತುವು ಇದ್ದರೆ ಸಾಕು. ಮಲಗಬಹುದೆಂದು ಹೇಳಿ ಬೆಲೆಯನ್ನು ಪಡೆದ ಮನೆಯಾದರೋ ಇದ್ದರೆ ಸಾಲದು, ನಡೆಯಬೇಕು. ಎರಡರ ಲಾಭವನ್ನೂ ಬಯಸಿ ಒಂದರ ಹೊಣೆಯನ್ನೂ ಹೊರದಿರುವುದೇ ಇಂಥ ಹೋಟೆಲುಗಳ ಮುಖ್ಯವಾದ ಅಪರಾಧವೆಂದು ನನ್ನ ಮತ.

ಇಷ್ಟಾದರೂ ನಮ್ಮ ನಿರಾಶೆಯ ಇನ್ನೊಂದು ಅರ್ಧವು ಉಳಿಯುತ್ತದೆ. ನನ್ನ ಕೋಣೆಯ ಮಂಚದ ಪಕ್ಕದ ಗೋಡೆಯಲ್ಲಿ ದಂತದ ಬಣ್ಣದ ಗುಂಡಿಯೊಂದಿತ್ತು. ಹಿಂದಿನ ಕಾಲದಲ್ಲಿ ಅದನ್ನು ಒತ್ತಿದರೆ ಕೆಳಗೆ ಸೇವಕರ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತಂತೆ. ಅದು ಈಗ ಮೂಕವಾಗಿದೆ. ಆ ಮನೆಯ ಹಿಂದಿನ ಸುಖವೆಂಬುದು ಗೋಡೆಯಲ್ಲಿರಲಿಲ್ಲ, ಕಂಬದಲ್ಲಿರಲಿಲ್ಲ, ಈ ಗುಂಡಿಯ ಆಚೆಯ ತುದಿಯಲ್ಲಿತ್ತು. ಬಿಸಿನೀರು ತಡವಾಗದಿದ್ದುದಕ್ಕೆ ಕಾರಣವೇನೆಂದರೆ, ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಹಂಡೆಗೆ ಉರಿ ಹಾಕಿ, ಹಿಂಬದಿಯ ಕಿರಿದಾದ ಮೆಟ್ಟಲನ್ನು ಕೊಡಹೊತ್ತು ಹತ್ತುವವರು ಇದ್ದರು. ಮಾಡಿನ ಪಂಕವು ಬೀಸುತ್ತಿತ್ತು. ಅದರ ಹಗ್ಗವನ್ನು ಹೊರಗಿನ ಜಗಲಿಯಲ್ಲಿ ಕುಳಿತು ಎಳೆಯುವವನೊಬ್ಬನಿದ್ದನು. ಒಬ್ಬ ದೊರೆಯ ನಿದ್ರೆಗೆ ಎಷ್ಟು ಜನರ ಎಚ್ಚರವು ಬೇಕಾಗುತ್ತಿತ್ತೋ! ಆ ವ್ಯವಸ್ಥೆಯು ಹೋಯಿತು, ಹೋದದ್ದು ಒಳ್ಳೆಯದಾಯಿತು. ಗೋಡೆಗಳು ಮಾತ್ರ ಉಳಿದುವು. ನಾವು ಗೋಡೆಗಳನ್ನು ನೋಡಿ ಆ ಸುಖವನ್ನೂ ನಿರೀಕ್ಷಿಸುತ್ತೇವೆ. ಒಂದು ರಾತ್ರಿಯ ಮಟ್ಟಿಗೆ ಅರಸನಾಗಬೇಕೆಂಬ ಬಯಕೆಯು ನಿರಪರಾಧಿಯಾಗಿ ಕಾಣುತ್ತದೆ. ಆದರೆ ಅರಸನಾಗುವುದೆಂದರೆ ಬೇರೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಆಳನ್ನಾಗಿ ಮಾಡುವುದೆಂಬುದನ್ನು ಜಾಹೀರಾತಿನವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಗುಂಡಿಯು ಮೂಕವಾಗಿದ್ದುದಕ್ಕೆ ದೂರಿದರೆ ನಾವು ದೂರುವುದು ಯಾವುದನ್ನು? ಹೊದಿಕೆಯ ಕಲೆಗೆ ಉತ್ತರ ಕೇಳುವ ಹಕ್ಕು ನನಗೆ ಉಂಟು. ಗಂಟೆಗೆ ಓಡಿಬರುವ ಮನುಷ್ಯನ ಮೇಲೆ ನನಗೆ ಯಾವ ಹಕ್ಕೂ ಇಲ್ಲ.

ಎರಡನೆಯ ದಿನ ಆ ಮನುಷ್ಯನ ಪರಿಚಯವೂ ಆಯಿತು. ಹೊದಿಕೆಯನ್ನು ಬದಲಾಯಿಸಲು ಬಂದ ಹುಡುಗನು (ಹೋಟೆಲಿನವರ ಭಾಷೆಯಲ್ಲಿ ನಾಲ್ವತ್ತರವನೂ ಹುಡುಗನೇ) ಜರಿಯ ರುಮಾಲನ್ನೂ ನಡುಪಟ್ಟಿಯನ್ನೂ ಕಟ್ಟಿಕೊಂಡಿದ್ದನು. ನಾನು ಎಲ್ಲಿಯವನೆಂದು ಕೇಳಿದನು. ಉಜಿರೆಯೆಂದೊಡನೆ ಅವನ ಮುಖವು ಅರಳಿತು. ಅವನೂ ನಮ್ಮ ತಾಲೂಕಿನ ಘಟ್ಟದ ಬುಡದವನೇ. ಅಲ್ಲಿಂದ ಮಾತು ತುಳುವಿನಲ್ಲಿ ನಡೆಯಿತು. ಇಪ್ಪತ್ತೆಂಟು ಕೋಣೆಗಳಿಗೆ ತಾವು ಐದು ಮಂದಿ ಎಂದನು. ಅಗಸಗಿತ್ತಿಯ ಲೆಕ್ಕ ಚುಕ್ತವಾಗದೆ ಹೊದಿಕೆಗಳು ಎರಡು ವಾರದಿಂದ ಸರಿಯಾಗಿ ಬರುತ್ತಿಲ್ಲವೆಂದನು. ನೀರಿನ ಬಾಯ್ಲರು ಮಹಡಿಯ ಆಚೆಯ ಕೊನೆಯಲ್ಲಿದೆಯೆಂದೂ, ಇನ್ನೊಂದನ್ನು ಹಾಕಿಸಬೇಕೆಂದು ಅವರು ಹೇಳಿ ಬಹಳ ದಿನವಾಯಿತೆಂದೂ ತಿಳಿಸಿದನು. ಕಡೆಗೆ, ಕೈಯಲ್ಲಿದ್ದ ಹಳೆಯ ಹೊದಿಕೆಯನ್ನು ಮಡಚುತ್ತ, “ಪುಸ್ತಕದಲ್ಲಿ ಬರೆಯುತ್ತೀರಾ ಅಣ್ಣ?” ಎಂದು ಕೇಳಿದನು.

ಪುಸ್ತಕವೆಂದರೆ ದೂರಿನ ಪುಸ್ತಕ. ಅದರಲ್ಲಿ ಕೋಣೆಯ ಸಂಖ್ಯೆಯನ್ನು ಬರೆದರೆ ಆ ದಿನ ಆ ಕೋಣೆಗಳ ಪಾಳಿ ಯಾರದೋ ಅವರ ಸಂಬಳದಿಂದ ದಂಡ ಹಿಡಿಯುವರಂತೆ. ದೂರು ಮೇಲಕ್ಕೆ ಏರುವುದಿಲ್ಲ; ನೀರಿನಂತೆ ಕೆಳಕ್ಕೇ ಹರಿಯುತ್ತದೆ. ಬಾಯ್ಲರನ್ನು ಹಾಕಿಸದವನಿಗೆ ಅದು ಒಂದು ಸಾಲು ಬರೆಹ. ಹೊದಿಕೆಯನ್ನು ಹೊತ್ತವನಿಗೆ ಅದು ಒಂದು ದಿನದ ಅನ್ನ. ನಿರಾಶೆಗೊಂಡವನು ಸುಮ್ಮನಿದ್ದರೆ ಅಲಕ್ಷ್ಯವು ಬೆಳೆಯುತ್ತದೆ, ಮುಂದಿನವನಿಗೂ ಅದೇ ಹೊದಿಕೆ ಸಿಕ್ಕುತ್ತದೆ. ಮಾತನಾಡಿದರೆ ತಪ್ಪಿಲ್ಲದವನಿಗೆ ಪೆಟ್ಟು ಬೀಳುತ್ತದೆ. ಸಹನೆಯೇ ಸದ್ಗುಣವೆಂದು ಹೇಳಿ ಕೈ ತೊಳೆದುಕೊಳ್ಳುವವರು ಮೊದಲನೆಯದನ್ನು ನೋಡುವುದಿಲ್ಲ. ಹಕ್ಕು ಹಕ್ಕೆಂದು ಪುಸ್ತಕ ತರಿಸುವವರು ಎರಡನೆಯದನ್ನು ನೋಡುವುದಿಲ್ಲ. ದೂರುವುದು ನ್ಯಾಯವೇ ಅಲ್ಲವೇ ಎಂಬುದಕ್ಕಿಂತ ದೂರು ಹೋಗಿ ತಟ್ಟುವ ಬಾಗಿಲು ಯಾವುದೆಂಬುದೇ ಇಲ್ಲಿ ಧರ್ಮದ ಪ್ರಶ್ನೆ. ಗ್ರಾಹಕರ ರಕ್ಷಣೆಗೆ 1986ರಲ್ಲಿ ಒಂದು, 2019ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಅವು ಕೊಂಡವನನ್ನೂ ಮಾರಿದವನನ್ನೂ ಬಲ್ಲವು, ನಡುವೆ ಹೊದಿಕೆಯನ್ನು ಹಿಡಿದು ನಿಂತವನನ್ನು ಅಷ್ಟಾಗಿ ಬಲ್ಲವೆಂದು ತೋರುವುದಿಲ್ಲ.

ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಊರಿಗೆ ಬಂದು ಆ ಹೋಟೆಲಿನ ಒಡೆತನದ ಕಂಪೆನಿಗೆ ಅಂಚೆಯಲ್ಲಿ ಕಾಗದ ಬರೆದೆನು. ಕೋಣೆಯ ಸಂಖ್ಯೆಯನ್ನೂ ದಿನಾಂಕವನ್ನೂ ಬಿಟ್ಟು, ಬಾಯ್ಲರಿನ ದೂರವನ್ನೂ ಕೆಲಸಗಾರರ ಎಣಿಕೆಯನ್ನೂ ಅಗಸರ ಲೆಕ್ಕವನ್ನೂ ಕಾಣಿಸಿ, ಕಟ್ಟಡದ ವಯಸ್ಸಿಗೆ ಇವುಗಳಲ್ಲಿ ಯಾವುದೂ ಸಂಬಂಧಿಸಿದ್ದಲ್ಲವೆಂದು ತಿಳಿಸಿದೆನು. ಮೂರು ವಾರದ ಮೇಲೆ ಉತ್ತರ ಬಂದಿತು. ಅಚ್ಚುಹಾಕಿಸಿದ ಕಾಗದ. ನಮ್ಮ ಪರಂಪರೆಯ ಆತಿಥ್ಯವನ್ನು ಸವಿದುದಕ್ಕೆ ವಂದನೆಗಳು, ಮತ್ತೊಮ್ಮೆ ದಯಮಾಡಿಸಿದರೆ ಬಾಡಿಗೆಯಲ್ಲಿ ನೂರಕ್ಕೆ ಹದಿನೈದು ಸೋಡಿ ಎಂದಿತ್ತು. ಯಮನಾದರೋ ಮೂರು ವರಗಳನ್ನು ಕೊಟ್ಟಿದ್ದನು!

ಈ ಕಾಗದವನ್ನು ನನ್ನ ಪರಿಚಯದ ಗೃಹಸ್ಥರೊಬ್ಬರಿಗೆ ತೋರಿಸಿದೆನು. ಅವರದು ಹತ್ತಿರದ ಒಂದು ಊರಿನಲ್ಲಿ ನಾಲ್ಕು ತಲೆಮಾರು ಕಂಡ ಮನೆ. ಪಡಸಾಲೆಯ ಹಲಸಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಮಳೆಗಾಲ ಕಳೆದ ಮೇಲೆ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುವ ಯೋಚನೆಯಲ್ಲಿ ಅವರಿದ್ದಾರೆ. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿಯನ್ನು ಹಣದ ಅತಿಥಿಗಳಿಗೂ ಇಟ್ಟುಕೊಳ್ಳಬಹುದೇ, ಅದು ನಾಟಕವಾದೀತೇ ಎಂಬುದೇ ಅವರ ಮನೆಯಾಕೆಗೆ ದೊಡ್ಡ ಸಂಶಯ. ಬಾಯಾರಿ ಬಂದವನಿಗೆ ನೀರು ಕೊಡುವುದು ನಾಟಕವಾಗಲಾರದು, ರುಮಾಲು ಕಟ್ಟಿಕೊಂಡು ಕೊಟ್ಟರೆ ಆದೀತು, ಎಂದು ನಾನೆಂದೆನು. ಮನೆಯ ವಯಸ್ಸನ್ನು ಫಲಕದಲ್ಲಿ ಬರೆಸಬೇಕೇ ಬೇಡವೇ ಎಂಬುದನ್ನು ಅವರಿನ್ನೂ ನಿಶ್ಚಯಿಸಿಲ್ಲ. ಬಚ್ಚಲಿಗೆ ಹೊಸ ಹಂಡೆಯೊಂದನ್ನು ಮಾತ್ರ ಬೆಳ್ತಂಗಡಿಯಿಂದ ತರಿಸಿದ್ದಾರೆ. ಉರಿ ಹಾಕುವ ಕೆಲಸ ಯಾರದೆಂದು ಕೇಳಿದ್ದಕ್ಕೆ, ತಮ್ಮದೇ ಎಂದರು.